ಹನಿ ಪೆಟ್ರೋಲಿನ ಚರಿತ್ರೆ

ಹೆಬ್ಬೆರಳಿಗಿಂತ ತುಸು ಉದ್ದ, ಹೆಚ್ಚುಕಡಿಮೆ ಅಷ್ಟೇ ದಪ್ಪ. ವಿದ್ಯುತ್ ತಂತಿ ಸಿಕ್ಕಿಸಲು ಪಕ್ಕದಲ್ಲೊಂದು ಪ್ಲಾಸ್ಟಿಕ್ಕಿನ ಬಾಯಿ, ಮೇಲೊಂದು ಕೆಳಗೊಂದು ರಬ್ಬರ್ ಉಂಗುರ, ಕೆಳತುದಿಯಲ್ಲಿ ದಿಟ್ಟಿಸಿ ನೋಡಿದರೆ ಮಾತ್ರ ಕಾಣುವ ತೂತುಗಳು. ಪೆಟ್ರೋಲ್ ಕಾರಿನ ಇಂಜೆಕ್ಟರು ಎಂದರೆ ಇಷ್ಟೇ. ನಾಲ್ಕು ಸಿಲಿಂಡರಿನ ಸಾಧಾರಣ ಸೆಡಾನ್ ಕಾರಿನಲ್ಲಿ ಇಂಥವು ನಾಲ್ಕಿರುತ್ತವೆ. ಎಂಜಿನ್ನು ಸುಮ್ಮನೆ ನಿಂತು ಗುಂಯ್‌ಗುಡುತ್ತಿರುವಾಗ ನಿಮಿಷಕ್ಕೆ ಎಂಟುನೂರು ಸುತ್ತು ತಿರುಗುತ್ತದೆ ಎಂದುಕೊಂಡರೆ, ಒಂದೊಂದು ಇಂಜೆಕ್ಟರೂ ನಾನೂರು ಸಲ ಬಾಯಿ ತೆರೆದು ಮುಚ್ಚುತ್ತದೆ. ಹೆದ್ದಾರಿಯಲ್ಲಿ ಮೂರು ಸಾವಿರ ಸುತ್ತಿನ ವೇಗಕ್ಕೆ ಬಂದರೆ ಸೆಕೆಂಡಿಗೆ ಇಪ್ಪತ್ತೈದು ಸಲ, ಗಂಟೆಗೆ ತೊಂಬತ್ತು ಸಾವಿರ ಸಲ. ಪ್ರತಿ ಸಲವೂ ತೆರೆದಿರುವುದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು. ಅಷ್ಟರಲ್ಲಿ ಚಿಮ್ಮಬೇಕಾದ ಪೆಟ್ರೋಲು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ಇಪ್ಪತ್ತೆಂಟು ವರ್ಷದಿಂದ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಹೇಳುತ್ತಾ ಬಂದಿರುವ ನನಗೆ ಈ ವಸ್ತುವಿನಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಪಾಣಿಪತ್ತಿನ ಮೂರು ಯುದ್ಧಗಳನ್ನೂ ಮೈಸೂರಿನ ನಾಲ್ಕು ಯುದ್ಧಗಳನ್ನೂ ಬಾಯಿಪಾಠ ಮಾಡಿಸುವ ನಾವು, ಮಕ್ಕಳು ಶಾಲೆಗೆ ಬರುವ ಬಸ್ಸಿನ ಎಂಜಿನ್ನಿಗೂ ಒಂದು ಇತಿಹಾಸವಿದೆ ಎಂಬುದನ್ನು ಹೇಳುವುದೇ ಇಲ್ಲ. ಪಠ್ಯಪುಸ್ತಕದಲ್ಲಿ ಕೈಗಾರಿಕಾ ಕ್ರಾಂತಿ ಜೇಮ್ಸ್ ವ್ಯಾಟನ ಉಗಿಯಂತ್ರದ ಹತ್ತಿರ ಬಂದು ನಿಂತುಬಿಡುತ್ತದೆ. ಈ ಹೆಬ್ಬೆರಳಿನಷ್ಟರ ವಸ್ತುವಿನ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆಯಿದೆ. ಅದರಲ್ಲಿ ಎರಡು ಮಹಾಯುದ್ಧಗಳ ನೆರಳಿದೆ, ನಮ್ಮ ಬೆಂಗಳೂರಿದೆ, ಕೊನೆಗೆ ನಾವು ಉಸಿರಾಡುವ ಗಾಳಿಯೂ ಇದೆ.

ಮೊದಲು ಕಾರ್ಬುರೇಟರಿನ ಮಾತು. ಪೆಟ್ರೋಲು ದ್ರವವಾಗಿ ಉರಿದರೆ ಎಂಜಿನ್ನಿಗೆ ಪ್ರಯೋಜನವಿಲ್ಲ. ಅದು ಮಂಜಿನಂತೆ ಒಡೆದು ಗಾಳಿಯೊಡನೆ ಬೆರೆಯಬೇಕು. 1893ರ ಹೊತ್ತಿಗೆ ಜರ್ಮನಿಯ ವಿಲ್ಹೆಲ್ಮ್ ಮೇಬಾಖ್, ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೋಂಕಾ, ಒಬ್ಬರಿಂದೊಬ್ಬರು ದೂರದಲ್ಲಿದ್ದುಕೊಂಡೇ, ಇದಕ್ಕೆ ಸರಿಸುಮಾರು ಒಂದೇ ಉಪಾಯ ಕಂಡರು. ಗಾಳಿ ಹೋಗುವ ಕೊಳವೆಯನ್ನು ನಡುವೆ ಕಿರಿದು ಮಾಡಿದರೆ ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಅಲ್ಲೊಂದು ಸಣ್ಣ ನಳಿಕೆಯ ಬಾಯಿ ಇಟ್ಟರೆ ಪೆಟ್ರೋಲು ತಾನಾಗಿ ಮೇಲೆದ್ದು ತುಂತುರಾಗಿ ಗಾಳಿಯಲ್ಲಿ ಸೇರುತ್ತದೆ. ಪಕ್ಕದಲ್ಲಿ ಒಂದು ಪುಟ್ಟ ತೊಟ್ಟಿ, ಅದರಲ್ಲೊಂದು ತೇಲುಬುರುಡೆ. ತೊಟ್ಟಿ ತುಂಬಿದರೆ ಬುರುಡೆ ಮೇಲೆದ್ದು ಪೆಟ್ರೋಲಿನ ದಾರಿ ಮುಚ್ಚುತ್ತದೆ. ನಮ್ಮ ಮನೆಗಳ ಮೇಲಿನ ನೀರಿನ ಟ್ಯಾಂಕಿನಲ್ಲಿ ಇರುವುದೂ ಇದೇ ತಂತ್ರ.

ಈ ಏರ್ಪಾಡು ತೊಂಬತ್ತು ವರ್ಷಕ್ಕೂ ಮೇಲೆ ಜಗತ್ತಿನ ಕಾರುಗಳನ್ನು ಓಡಿಸಿತು. ನಮ್ಮಲ್ಲಿ ಅಂಬಾಸಡರು, ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800, ಎಲ್ಲಕ್ಕೂ ಇದೇ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಆಕ್ಸಿಲರೇಟರನ್ನು ಎರಡು ಸಲ ಒತ್ತಿ, ದೇವರ ಹೆಸರು ಹೇಳಿ ಕೀಲಿ ತಿರುಗಿಸುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಕಾರ್ಬುರೇಟರಿನದು ಅಂದಾಜಿನ ಅಡುಗೆ. ಕೈಯಳತೆಯಲ್ಲಿ ಉಪ್ಪು ಹಾಕುವ ಅಜ್ಜಿಯ ಹಾಗೆ. ಅಡುಗೆ ಕೆಡುತ್ತಿರಲಿಲ್ಲ, ಆದರೆ ಪ್ರತಿದಿನ ಒಂದೇ ರುಚಿಯೂ ಇರುತ್ತಿರಲಿಲ್ಲ.

ಅಳೆದು ಚಿಮ್ಮಿಸುವ ವಿದ್ಯೆ ಪೆಟ್ರೋಲಿನಿಂದ ಹುಟ್ಟಿದ್ದಲ್ಲ, ಡೀಸೆಲಿನಿಂದ. ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನು ಚೆನ್ನಾಗಿ ಓಡುವುದನ್ನು ತೋರಿಸಿದ. ಅವನ ಎಂಜಿನ್ನಿಗೆ ಕಿಡಿ ಬೇಡ. ಒತ್ತಿ ಒತ್ತಿ ಕಾದ ಗಾಳಿಯೊಳಗೆ ತೈಲ ಬಿದ್ದರೆ ತಾನೇ ಹೊತ್ತಿಕೊಳ್ಳುತ್ತದೆ. ಕಷ್ಟವೆಂದರೆ ಅಷ್ಟು ಒತ್ತಡದ ಗಾಳಿಯೊಳಗೆ ತೈಲವನ್ನು ನುಗ್ಗಿಸುವುದು ಹೇಗೆ? ಇನ್ನೂ ಹೆಚ್ಚು ಒತ್ತಡದ ಗಾಳಿಯಿಂದ ಊದಿ ನುಗ್ಗಿಸುತ್ತಿದ್ದರು. ಅದಕ್ಕೆ ಬೇಕಾದ ಕಂಪ್ರೆಸರು ದೊಡ್ಡದು, ಭಾರದ್ದು. ಕಾರ್ಖಾನೆಗೆ, ಹಡಗಿಗೆ ಆದೀತು; ಲಾರಿಗೆ ಆಗದು. ಡೀಸೆಲ್ ತನ್ನ ಎಂಜಿನ್ನು ರಸ್ತೆಗಿಳಿದು ಊರೂರು ಸುತ್ತುವುದನ್ನು ನೋಡಲಿಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾದ. ಆಮೇಲೆ ಸಮುದ್ರದಲ್ಲಿ ಶವ ಸಿಕ್ಕಿತು.

ಆ ತೊಡಕನ್ನು ಬಿಡಿಸಿದ್ದು ಸ್ಟುಟ್‌ಗಾರ್ಟಿನ ಒಂದು ಕಾರ್ಖಾನೆ. 1886ರಲ್ಲಿ ಚಿಕ್ಕ ವರ್ಕ್‌ಶಾಪಾಗಿ ರಾಬರ್ಟ್ ಬಾಷ್ ತೆರೆದದ್ದು ಅದು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ, ಸ್ಪಾರ್ಕ್ ಪ್ಲಗ್ಗುಗಳಿಂದ ಹೆಸರು ಮಾಡಿದ್ದ ಬಾಷ್, ಕಿಡಿಯೇ ಬೇಡದ ಎಂಜಿನ್ನು ನಾಳೆ ತನ್ನ ವ್ಯಾಪಾರವನ್ನು ನುಂಗಬಹುದೆಂದು ಮುಂಗಂಡಿದ್ದಿರಬೇಕು. 1922ರಲ್ಲಿ ಡೀಸೆಲ್ ಪಂಪಿನ ಕೆಲಸಕ್ಕೆ ಕೈ ಹಾಕಿ, 1927ರಲ್ಲಿ ಅದನ್ನು ಸಾಲಾಗಿ ತಯಾರಿಸಿ ಹೊರಗೆ ಕಳಿಸಿದರು. ಗಾಳಿಯ ಹಂಗಿಲ್ಲ. ಉಕ್ಕಿನ ಕೊಳವೆಯೊಳಗೆ ಉಕ್ಕಿನ ಕಡ್ಡಿ ಓಡಾಡಿ ತೈಲವನ್ನೇ ಒತ್ತಿ, ನಳಿಕೆಯಿಂದ ಚಿಮ್ಮಿಸುತ್ತದೆ. ಲಾರಿಗೆ ಡೀಸೆಲ್ ಎಂಜಿನ್ನು ಒಗ್ಗಿದ್ದೇ ಇದರಿಂದ.

ಇಲ್ಲಿಂದ ಕಥೆ ನಮ್ಮ ಕಡೆಗೆ ತಿರುಗುತ್ತದೆ. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ಬಾಷ್ ಸಂಸ್ಥೆಯ ಸಹಯೋಗದಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ‘ಮೈಕೋ’. ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಎದ್ದಿತು. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳು ಇಲ್ಲೇ ತಯಾರಾದವು. ಮೈಕೋ ಲೇಔಟು ಎಂಬ ಬಡಾವಣೆಯ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಆದರೆ ಹೆದ್ದಾರಿಯ ಪಕ್ಕದ ಡೀಸೆಲ್ ಪಂಪ್ ರಿಪೇರಿಯವರಿಗೆ ಅದು ಈಗಲೂ ‘ಮೈಕೋ ಪಂಪೇ’.

ನನ್ನ ಸೋದರಮಾವ ಅಲ್ಲಿ ಕೆಲಸಕ್ಕಿದ್ದರು. ಬೇಸಗೆ ರಜೆಗೆ ಅವರ ಮನೆಗೆ ಹೋದಾಗ ನಾವು ಮಕ್ಕಳು ಅವರ ಕಾರ್ಖಾನೆಯ ಕಥೆಗೆ ಕಿವಿಯಾಗುತ್ತಿದ್ದೆವು. ಪಂಪಿನೊಳಗಿನ ಕಡ್ಡಿಗೂ ಅದರ ಕೊಳವೆಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ ಎಂದು ಅವರು ಹೇಳಿದರೆ ನಾವು ನಂಬುತ್ತಿರಲಿಲ್ಲ. ತಲೆಯಿಂದ ಒಂದು ಕೂದಲು ಕಿತ್ತು ತೋರಿಸಿ, ‘ಇದನ್ನ ಉದ್ದಕ್ಕೆ ಇಪ್ಪತ್ತು ಪಾಲು ಸೀಳಿದ್ರೆ ಒಂದು ಪಾಲು ಹೋಗುತ್ತೇನೋ’ ಎನ್ನುತ್ತಿದ್ದರು. ‘ಕಡ್ಡಿ ಕೊಳವೆ ಒಂದಕ್ಕೊಂದು ಉಜ್ಜಿ ಜೊತೆ ಮಾಡಿದ ಮೇಲೆ ಮುಗೀತು. ಇದರ ಕಡ್ಡಿ ಅದಕ್ಕೆ ಹಾಕೋ ಹಾಗಿಲ್ಲ. ಹಾಕಿದ್ರೆ ಒಂದೋ ಸಿಕ್ಕಿಕೊಳ್ಳುತ್ತೆ, ಇಲ್ಲ ಸೋರುತ್ತೆ.’ ಹಳ್ಳಿಯಿಂದ ಬಂದು ಮೈಕ್ರಾನಿನ ಲೆಕ್ಕದಲ್ಲಿ ಕೆಲಸ ಕಲಿತ ಆ ತಲೆಮಾರಿನ ಬಗ್ಗೆ ನಮ್ಮ ನಾಡಿನ ಇತಿಹಾಸದ ಪುಸ್ತಕಗಳಲ್ಲಿ ಒಂದು ಪುಟವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಪೆಟ್ರೋಲಿಗೆ ಇಂಜೆಕ್ಟರು ದೊಡ್ಡ ಪ್ರಮಾಣದಲ್ಲಿ ಬಂದದ್ದು ಯುದ್ಧವಿಮಾನದ ದಾರಿಯಲ್ಲಿ. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನರ ಮೆಸ್ಸರ್‌ಶ್ಮಿಟ್ 109 ವಿಮಾನಗಳೂ ಬ್ರಿಟಿಷರ ಸ್ಪಿಟ್‌ಫೈರ್, ಹರಿಕೇನ್‌ಗಳೂ ಕಾದಾಡಿದವು. ಜರ್ಮನ್ ವಿಮಾನದ ಡೈಮ್ಲರ್-ಬೆಂಝ್ ಎಂಜಿನ್ನಿಗೆ ಇಂಜೆಕ್ಟರಿತ್ತು. ಬ್ರಿಟಿಷರ ಮರ್ಲಿನ್ ಎಂಜಿನ್ನಿಗೆ ಕಾರ್ಬುರೇಟರು. ಬ್ರಿಟಿಷರದು ಅಜ್ಞಾನವೇನಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಗಾಳಿ ತಣ್ಣಗಾಗಿ ಎಂಜಿನ್ನಿನ ಬಲ ಹೆಚ್ಚುತ್ತಿತ್ತು. ಆದರೆ ತೇಲುಬುರುಡೆ ಇರುವುದು ಭೂಮಿಯ ಸೆಳೆತವನ್ನು ನಂಬಿಕೊಂಡು. ಪೈಲಟ್ಟು ಒಮ್ಮೆಲೆ ಮೂತಿ ಕೆಳಗೆ ಮಾಡಿ ಧುಮುಕಿದರೆ ತೊಟ್ಟಿಯ ಪೆಟ್ರೋಲು ಮೇಲಕ್ಕೆ ಹಾರಿ ಎಂಜಿನ್ನು ಒಂದು ಕ್ಷಣ ಉಪವಾಸ ಬೀಳುತ್ತಿತ್ತು. ಮರುಕ್ಷಣ ಮಿತಿಮೀರಿ ಪೆಟ್ರೋಲು ನುಗ್ಗಿ ಉಸಿರು ಕಟ್ಟುತ್ತಿತ್ತು. ಅಷ್ಟರಲ್ಲಿ ಜರ್ಮನ್ ವಿಮಾನ ಧುಮುಕಿ ಪಾರಾಗುತ್ತಿತ್ತು.

ಇದಕ್ಕೆ ತಕ್ಷಣದ ಮದ್ದು ಕೊಟ್ಟವಳು ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಹೆಣ್ಣುಮಗಳು. 1909ರಲ್ಲಿ ಹುಟ್ಟಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವಳು. ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಮೈದಾನದಲ್ಲಿ ಮೋಟಾರ್ ಸೈಕಲ್ಲನ್ನು ಗಂಟೆಗೆ ನೂರು ಮೈಲಿ ಮೀರಿ ಓಡಿಸಿ ಪದಕ ಗಿಟ್ಟಿಸಿದವಳು. ಅವಳು ಮಾಡಿದ್ದು ತೂತಿರುವ ಒಂದು ಪುಟ್ಟ ಲೋಹದ ತುಂಡು. ಎಂಜಿನ್ನಿಗೆ ಬೇಕಾದಷ್ಟು ಪೆಟ್ರೋಲು ಮಾತ್ರ ಹರಿಯುವಂತೆ ದಾರಿಯನ್ನು ಕಿರಿದು ಮಾಡಿದಳು, ಅಷ್ಟೆ. ವಿಮಾನದಿಂದ ಎಂಜಿನ್ನು ಇಳಿಸುವ ಅಗತ್ಯವಿರಲಿಲ್ಲ. 1941ರ ಮೊದಲ ತಿಂಗಳುಗಳಲ್ಲಿ ತನ್ನ ಸಣ್ಣ ತಂಡದೊಡನೆ ವಿಮಾನ ನೆಲೆಗಳನ್ನು ಸುತ್ತಿ ಅದನ್ನು ಜೋಡಿಸಿಕೊಟ್ಟಳು. ತರಗತಿಯಲ್ಲಿ ಎರಡನೆಯ ಮಹಾಯುದ್ಧದ ಪಾಠ ಬಂದಾಗ ಚರ್ಚಿಲ್ ಜೊತೆಗೆ ಇವಳ ಹೆಸರನ್ನೂ ಕರಿಹಲಗೆಯ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಬರುವುದಿಲ್ಲ ಎಂದು ಮಕ್ಕಳಿಗೆ ಗೊತ್ತು. ಆದರೂ ಹುಡುಗಿಯರು ಬರೆದುಕೊಳ್ಳುತ್ತಾರೆ.

ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಆ ವಿದ್ಯೆ ಕಾರಿಗಿಳಿಯಿತು. 1950ರ ದಶಕದ ಆರಂಭದಲ್ಲಿ ಗುಟ್‌ಬ್ರೋಡ್, ಗೋಲಿಯಾತ್ ಎಂಬ ಸಣ್ಣ ಕಾರುಗಳಿಗೆ, 1954ರಲ್ಲಿ ಮರ್ಸಿಡಿಸ್ 300 ಎಸ್‌ಎಲ್ ಎಂಬ, ರೆಕ್ಕೆ ಬಿಚ್ಚಿದಂತೆ ಬಾಗಿಲು ತೆರೆಯುವ ಭಾರಿ ಕಾರಿಗೆ ಇಂಜೆಕ್ಟರು ಹಾಕಿದರು. ಪಂಪು ಡೀಸೆಲ್ ಪಂಪಿನ ದಾಯಾದಿ, ಎಲ್ಲವೂ ಯಾಂತ್ರಿಕ. ಈ 300 ಎಸ್‌ಎಲ್‌ಗೆ ಒಂದು ದೋಷವಿತ್ತು. ಕೀಲಿ ತೆಗೆದು ಕಿಡಿ ನಿಂತ ಮೇಲೂ, ಎಂಜಿನ್ನು ಪೂರ್ತಿ ನಿಲ್ಲುವವರೆಗೆ ಪಂಪು ಪೆಟ್ರೋಲು ಚಿಮ್ಮಿಸುತ್ತಲೇ ಇರುತ್ತಿತ್ತು. ಉರಿಯದ ಆ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲನ್ನು ನೀರು ಮಾಡುತ್ತಿತ್ತು. ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಅಮೆರಿಕದ ಬೆಂಡಿಕ್ಸ್ ಕಂಪನಿಯವರು ಪಂಪಿನ ಬದಲು ವಿದ್ಯುತ್ತಿನಿಂದ ಇಂಜೆಕ್ಟರನ್ನು ತೆರೆದು ಮುಚ್ಚುವ ಉಪಾಯ ಮಾಡಿದರು. ಕ್ರೈಸ್ಲರ್ ಕಂಪನಿ 1958ರಲ್ಲಿ ಕೆಲವು ಕಾರುಗಳಿಗೆ ಅದನ್ನು ಹಾಕಿತು. ಆ ಕಾಲದ ಎಲೆಕ್ಟ್ರಾನಿಕ್ ಬಿಡಿಭಾಗಗಳು ಎಂಜಿನ್ನಿನ ಕಾವು, ಅದುರುಗಳನ್ನು ತಾಳಲಿಲ್ಲ. ಬಹುಪಾಲು ಕಾರುಗಳಿಗೆ ಮತ್ತೆ ಕಾರ್ಬುರೇಟರೇ ಬಂತು. ಬೆಂಡಿಕ್ಸಿನ ಪೇಟೆಂಟುಗಳು ಬಾಷ್ ಕೈ ಸೇರಿ, ಟ್ರಾನ್ಸಿಸ್ಟರು ಗಟ್ಟಿಯಾದ ಮೇಲೆ, 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ಹೆಸರಿನಲ್ಲಿ ವೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಅಮೆರಿಕಕ್ಕೇ ಹೊರಟವು.

ಅಮೆರಿಕಕ್ಕೇ ಏಕೆ? ಲಾಸ್ ಏಂಜಲೀಸಿನ ಗಾಳಿ ಕೆಟ್ಟಿತ್ತು. ಕಣ್ಣುರಿಸುವ ಆ ಕಂದು ಮಬ್ಬಿಗೆ ಮೋಟಾರು ವಾಹನಗಳ ಹೊಗೆಯೂ ಬಿಸಿಲೂ ಸೇರಿ ಆಗುವ ರಾಸಾಯನಿಕ ಕ್ರಿಯೆ ಕಾರಣವೆಂದು ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲೇ ತೋರಿಸಿದ್ದರು. ಕ್ಯಾಲಿಫೋರ್ನಿಯಾ ಹೊಗೆಗೆ ಮಿತಿ ಹಾಕಿತು. 1970ರಲ್ಲಿ ಇಡೀ ದೇಶಕ್ಕೆ ಬಿಗಿಯಾದ ಕಾಯಿದೆ ಬಂತು. ಹೊಗೆಯನ್ನು ತೊಳೆಯುವ ಕೆಟಲಿಟಿಕ್ ಕನ್ವರ್ಟರಿಗೆ ಒಂದು ಹಟವಿದೆ: ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಎಂಬ ಲೆಕ್ಕದ ಆಸುಪಾಸಿನಲ್ಲೇ ಉರಿದರೆ ಮಾತ್ರ ಅದು ಮೂರು ಬಗೆಯ ವಿಷಗಳನ್ನೂ ಒಟ್ಟಿಗೆ ಕಳೆಯುತ್ತದೆ. ಅಜ್ಜಿಯ ಕೈಯಳತೆ ಇಲ್ಲಿ ಸಾಲದು. ಹೊಗೆಕೊಳವೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡಿ ಹೇಳುವ ಸೆನ್ಸರು 1976ರಲ್ಲಿ ವೋಲ್ವೋ ಕಾರಿನಲ್ಲಿ ಬಂತು. ಹೊಗೆಯ ರುಚಿ ನೋಡಿ ಮುಂದಿನ ಹನಿಯನ್ನು ಹೆಚ್ಚುಕಡಿಮೆ ಮಾಡುವ ಏರ್ಪಾಡು ಆಗ ಪೂರ್ತಿಯಾಯಿತು.

ನಮ್ಮ ದೇಶಕ್ಕೆ ಇದು ಬಂದದ್ದೂ ಗಾಳಿಯ ಕಾರಣಕ್ಕೇ. 1985ರಲ್ಲಿ ವಕೀಲ ಎಂ. ಸಿ. ಮೆಹ್ತಾ ದೆಹಲಿಯ ವಾಯುಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರು ಕಡ್ಡಾಯವಾಯಿತು. 1999ರ ಏಪ್ರಿಲ್ 29ರಂದು ನ್ಯಾಯಾಲಯವು ರಾಜಧಾನಿ ಪ್ರದೇಶದ ಹೊಸ ಖಾಸಗಿ ಕಾರುಗಳು ಅದೇ ಜೂನ್ 1ರಿಂದ ಯೂರೋ-1, 2000ದ ಏಪ್ರಿಲ್ 1ರಿಂದ ಯೂರೋ-2 ಮಟ್ಟ ಮುಟ್ಟಬೇಕೆಂದು ಹೇಳಿತು. ಸೀಸವಿಲ್ಲದ ಪೆಟ್ರೋಲು 2000ದ ಫೆಬ್ರವರಿಯಲ್ಲಿ ದೇಶದ ತುಂಬ ಬಂತು. ಕಾರುಗಳ ಹಿಂಬದಿಯಲ್ಲಿ ‘ಎಂಪಿಎಫ್‌ಐ’ ಎಂಬ ಅಕ್ಷರಗಳು ಹೊಳೆಯತೊಡಗಿದ್ದು ಆಗಲೇ. ಒಂದೊಂದು ಸಿಲಿಂಡರಿಗೂ ಒಂದೊಂದು ಇಂಜೆಕ್ಟರು ಎಂದು ಅದರರ್ಥ. 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್-6 ಜಾರಿಯಾದ ಮೇಲೆ ಬಹುಪಾಲು ಸ್ಕೂಟರು, ಮೋಟಾರ್ ಸೈಕಲ್ಲುಗಳಿಗೂ ಇಂಜೆಕ್ಟರೇ.

ಕೋರ್ಟಿನ ಒಂದು ತೀರ್ಪಿನಿಂದ ಗಾಳಿ ಎಷ್ಟು ತಿಳಿಯಾಯಿತು ಎಂಬುದನ್ನು ಪಂಡಿತರು ಲೆಕ್ಕ ಹಾಕುತ್ತಾರೆ. ನಮ್ಮೂರಿನ ಗ್ಯಾರೇಜಿನ ಮೇಸ್ತ್ರಿಯೊಬ್ಬರ ಜೀವನ ಅದರಿಂದ ಏನಾಯಿತು ಎಂಬುದನ್ನು ಮಾತ್ರ ನಾನು ಬಲ್ಲೆ. 1990ರ ದಶಕದಲ್ಲಿ ಕಾರ್ಬುರೇಟರ್ ಟ್ಯೂನಿಂಗಿಗೆ ಅವರದು ಎತ್ತಿದ ಕೈ. ಎಂಜಿನ್ನಿನ ಸದ್ದಿಗೆ ಕಿವಿಯೊಡ್ಡಿ, ಸ್ಕ್ರೂವನ್ನು ಕಾಲು ಸುತ್ತು ಆ ಕಡೆ ಈ ಕಡೆ ತಿರುಗಿಸಿ, ‘ಈಗ ನೋಡಿ’ ಎನ್ನುತ್ತಿದ್ದರು. ಪಕ್ಕದ ತಾಲ್ಲೂಕುಗಳಿಂದಲೂ ಪದ್ಮಿನಿ, ಅಂಬಾಸಡರುಗಳು ಬಂದು ಸಾಲುಗಟ್ಟುತ್ತಿದ್ದವು. ಹೊಸ ಕಾರುಗಳು ಬಂದ ಮೇಲೆ ತಿರುಗಿಸುವುದಕ್ಕೆ ಸ್ಕ್ರೂವೇ ಇಲ್ಲ. ಜನ ಕಂಪ್ಯೂಟರ್ ಇರುವ ಕಡೆ ಹೋದರು. ಐದಾರು ವರ್ಷ ಅವರು ಟಿಲ್ಲರು, ನೀರೆತ್ತುವ ಪಂಪುಗಳ ರಿಪೇರಿಯಲ್ಲಿ ಸಂಸಾರ ತೂಗಿಸಿದರು. ಆಮೇಲೆ ಮಗ ತಂದ ಸ್ಕ್ಯಾನರಿನ ಇಂಗ್ಲಿಷನ್ನು ಅವನಿಂದಲೇ ಓದಿಸಿಕೊಂಡು, ಐವತ್ತು ದಾಟಿದ ಮೇಲೆ ಎರಡನೆಯ ಸಲ ಕಸುಬು ಕಲಿತರು.

ಅವರ ಎರಡನೆಯ ಕಲಿಕೆ ನಮ್ಮ ಮನೆಗೆ ಆಸರೆಯಾಯಿತು. ನಮ್ಮ ಅತ್ತೆಯವರಿಗೆ ಮೂತ್ರಪಿಂಡದ ತೊಂದರೆ. ವಾರಕ್ಕೆರಡು ಸಲ ಬೆಳಗಿನ ಐದಕ್ಕೆ ಹೊರಟು ನಲವತ್ತು ಕಿಲೋಮೀಟರು ದೂರದ ಜಿಲ್ಲಾ ಕೇಂದ್ರಕ್ಕೆ ಡಯಾಲಿಸಿಸಿಗೆ ಕರೆದೊಯ್ಯಬೇಕು. ಪಾಳಿ ತಪ್ಪಿದರೆ ಮೈಯೆಲ್ಲ ಊದಿ ಉಸಿರಾಟಕ್ಕೆ ಕಷ್ಟಪಡುತ್ತಾರೆ. ನಮ್ಮ ಸೆಡಾನು 2009ರದು. ಕಳೆದ ಮಳೆಗಾಲದಲ್ಲಿ ಅದು ನಿಂತಲ್ಲಿ ನಡುಗತೊಡಗಿತು. ಆಸ್ಪತ್ರೆಯ ಮುಂದೆ ಬಿಸಿ ಎಂಜಿನ್ನನ್ನು ಆರಿಸಿ ಮತ್ತೆ ಕೀಲಿ ತಿರುಗಿಸಿದರೆ ಬೇಗ ಹಿಡಿಯುತ್ತಿರಲಿಲ್ಲ. ಹಿಂದೆ ಕಪ್ಪು ಹೊಗೆ. ನಗರದ ಒಂದು ದೊಡ್ಡ ಸರ್ವಿಸ್ ಸೆಂಟರಿನವರು ಸ್ಕ್ಯಾನರು ಸಿಕ್ಕಿಸಿ ನೋಡಿ, ನಾಲ್ಕು ಇಂಜೆಕ್ಟರನ್ನೂ ಬದಲಾಯಿಸಬೇಕು ಎಂದರು. ಅವರು ಹೇಳಿದ ಮೊತ್ತ ಅತ್ತೆಯವರ ಎರಡು ತಿಂಗಳ ಔಷಧಿಯ ಖರ್ಚಿಗೆ ಸಮ. ಅವರದು ಮೋಸ ಎನ್ನಲಾರೆ. ಪರೀಕ್ಷಿಸುವುದಕ್ಕಿಂತ ಬದಲಾಯಿಸುವುದು ಅವರಿಗೆ ಸುಲಭ, ಅಷ್ಟೆ. ನಾವು ಕಾರನ್ನು ಮೇಸ್ತ್ರಿಯವರ ಬಳಿ ತಂದೆವು.

ಸ್ಕ್ಯಾನರಿನಲ್ಲಿ ‘ಪಿ0302’ ಎಂದು ಬಂತು. ಎರಡನೆಯ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ ಎಂದು ಅದರರ್ಥ. ‘ಟೀಚರಮ್ಮ, ಜ್ವರ ಯಾವ ಮನೇಲಿ ಅಂತ ಇದು ಹೇಳುತ್ತೆ. ಯಾರಿಗೆ ಜ್ವರ ಅಂತ ಒಳಗೆ ಹೋಗಿ ನಾವೇ ನೋಡ್ಬೇಕು,’ ಎಂದರು. ಪ್ಲಗ್ಗು, ಕಾಯಿಲುಗಳನ್ನು ಎರಡನೆಯದರಿಂದ ಮೂರನೆಯದಕ್ಕೆ ಬದಲಿಸಿ ನೋಡಿದರು. ತೊಂದರೆ ಎರಡನೆಯದರಲ್ಲೇ ಉಳಿಯಿತು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಇಂಜೆಕ್ಟರಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಆನಿಸಿದರು. ನಾಲ್ಕೂ ಟಿಕ್ ಟಿಕ್ ಎನ್ನುತ್ತಿದ್ದವು. ಮೀಟರು ಹಿಡಿದು ಅಳೆದರೆ ನಾಲ್ಕರ ಸುರುಳಿಯೂ ಹನ್ನೆರಡು ಓಮಿನ ಸುಮಾರಿಗೆ ಸಮವಿತ್ತು. ಅಂದರೆ ವಿದ್ಯುತ್ತಿನ ಭಾಗ ಸರಿಯಿದೆ. ಕೊನೆಗೆ ಆಯಿಲ್ ಕಡ್ಡಿ ಎಳೆದು ಮೂಸಿ ನನ್ನ ಮೂಗಿಗೂ ಹಿಡಿದರು. ಪೆಟ್ರೋಲಿನ ವಾಸನೆ! ಮುಚ್ಚಿರಬೇಕಾದ ಹೊತ್ತಿನಲ್ಲೂ ಎರಡನೆಯ ಇಂಜೆಕ್ಟರು ತೊಟ್ಟಿಕ್ಕಿ ಆಯಿಲನ್ನು ತೊಳೆಯುತ್ತಿತ್ತು. 1954ರ ಮರ್ಸಿಡಿಸ್ಸಿನ ಮಾಲೀಕರನ್ನು ಕಾಡಿದ ಅದೇ ಪೀಡೆ ನಮ್ಮ ಬಡಪಾಯಿ ಕಾರಿಗೂ ಬೇರೆ ದಾರಿಯಿಂದ ಬಂದಿತ್ತು. ಅವರಿಗೆ ಈ ಕಥೆ ಹೇಳಿದೆ. ‘ಅಷ್ಟು ದೊಡ್ಡ ಕಾರಿಗೂನಾ?’ ಎಂದು ನಕ್ಕರು.

ಇಂಜೆಕ್ಟರು ಹಾಳಾಗುವ ಬಗೆಯನ್ನು ತಿಳಿದರೆ ಅದನ್ನು ಕಾಪಾಡುವ ಬಗೆಯೂ ತಿಳಿಯುತ್ತದೆ. ಎಂಜಿನ್ನು ಆರಿದ ಮೇಲೆ ಅದರ ಕಾವು ಕೂಡಲೇ ಇಳಿಯುವುದಿಲ್ಲ. ಇಂಜೆಕ್ಟರಿನ ತುದಿಯಲ್ಲಿ ಉಳಿದ ಹನಿಯ ಹಗುರ ಅಂಶ ಆರಿ, ಜಿಡ್ಡಿನಂಶ ಮೆರುಗೆಣ್ಣೆಯಂತೆ ಅಂಟಿಕೊಳ್ಳುತ್ತದೆ. ದಿನಕ್ಕೆ ಹತ್ತು ಸಲ ಹತ್ತಿರದ ಅಂಗಡಿಗೆ ಓಡಾಡುವ ಕಾರಿಗೆ ಇದು ಹೆಚ್ಚು, ದೂರ ಓಡುವ ಕಾರಿಗೆ ಕಡಿಮೆ. ಅದು ಬೆಳೆದರೆ ತುಂತುರು ಹೋಗಿ ಧಾರೆಯಾಗುತ್ತದೆ, ಇಲ್ಲವೇ ಸೂಜಿ ಪೂರ್ತಿ ಕೂರದೆ ಸೋರುತ್ತದೆ. ಹಾಗಾಗಿ ಗಿರಾಕಿ ಹೆಚ್ಚಿರುವ ಬಂಕಿನಲ್ಲಿ ಪೆಟ್ರೋಲು ಹಾಕಿಸುವುದು, ಟ್ಯಾಂಕಿನ ತಳ ಕಾಣುವವರೆಗೆ ಓಡಿಸದಿರುವುದು, ಬದಲಾಯಿಸಲು ಬರುವ ಫಿಲ್ಟರನ್ನು ಕಾರಿನ ಕೈಪಿಡಿ ಹೇಳಿದ ಹೊತ್ತಿಗೆ ಬದಲಾಯಿಸುವುದು, ಇವಿಷ್ಟೇ ಮನೆಯವರು ಮಾಡಬೇಕಾದ ಕೆಲಸ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲೇ ಬಿಡುಗಡೆಯಾದದ್ದು. ಎಥನಾಲ್ ತೇವ ಹೀರುವ ಗುಣದ್ದು. ಹಳೆಯ ಕಾರುಗಳ ರಬ್ಬರು ಅಷ್ಟು ಎಥನಾಲಿಗೆಂದು ಮಾಡಿದ್ದಲ್ಲ. ಅಂಥ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿಡದೆ, ಕೊಳವೆ ಉಂಗುರಗಳ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಬಿಚ್ಚುವ ಕೆಲಸವನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಮೊದಲು ಎಂಜಿನ್ನು ಪೂರ್ತಿ ತಣ್ಣಗಾಗಲು ಬಿಟ್ಟರು. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ಎಂಜಿನ್ನು ಓಡಿಸಿದರು. ಪೈಪಿನಲ್ಲಿದ್ದ ಪೆಟ್ರೋಲು ಮುಗಿದು ಅದು ತಾನೇ ನಿಂತಿತು. ಸುಮಾರು ಮೂರು ಬಾರ್ ಒತ್ತಡವಿರುವ ಪೈಪನ್ನು ಹಾಗೆಯೇ ಬಿಚ್ಚಿದರೆ ಪೆಟ್ರೋಲು ಮುಖಕ್ಕೆ ಎರಚುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದರು. ಹತ್ತಿರದಲ್ಲಿ ಬೀಡಿ ಹಚ್ಚಲು ಹೊರಟವನನ್ನು ಗದರಿ ರಸ್ತೆಯಾಚೆ ಕಳಿಸಿದರು. ಇಂಜೆಕ್ಟರಿನ ಬುಡದ ದೂಳನ್ನು ಗಾಳಿಯಿಂದ ಊದಿ ತೆಗೆದರು. ಒಂದು ಕಾಳು ಮರಳು ಒಳಬಿದ್ದರೂ ಸಿಲಿಂಡರಿಗೆ ಗೀರು. ತಂತಿಗಳನ್ನು ಬಿಡಿಸಿ, ನಾಲ್ಕಕ್ಕೂ ಪೆಟ್ರೋಲು ಹಂಚುವ ರೈಲ್ ಎಂಬ ಕೊಳವೆಯನ್ನು ಎರಡು ಬೋಲ್ಟು ಬಿಚ್ಚಿ, ಅಲ್ಲಾಡಿಸುತ್ತಾ ಮೇಲೆತ್ತಿದರು. ನಾಲ್ಕಕ್ಕೂ ನಂಬರು ಬರೆದ ಚೀಟಿ ಅಂಟಿಸಿದರು.

ಜಿಲ್ಲಾ ಕೇಂದ್ರದಲ್ಲಿ ಅವನ್ನು ಶಬ್ದತರಂಗದ ತೊಟ್ಟಿಯಲ್ಲಿ ತೊಳೆದು, ಗಾಜಿನ ಕೊಳವೆಗಳ ಮೇಲೆ ಸಾಲಾಗಿ ನಿಲ್ಲಿಸಿ ಒಂದೇ ಹೊತ್ತು ಚಿಮ್ಮಿಸಿ ಅಳೆಯುವ ಯಂತ್ರವಿದೆ. ಮೂರರ ಕೊಳವೆಗಳಲ್ಲಿ ದ್ರವ ಒಂದೇ ಗೆರೆಗೆ ನಿಂತಿತು. ಎರಡನೆಯದು ಮಾತ್ರ ತೊಳೆದ ಮೇಲೂ ತೊಟ್ಟಿಕ್ಕುತ್ತಲೇ ಇತ್ತು. ಅದೊಂದನ್ನೇ ಬದಲಾಯಿಸಿದೆವು. ಹೊಸದು ಅದೇ ನಂಬರಿನದು, ಅಷ್ಟೇ ಹರಿಸುವಂಥದು, ಅಷ್ಟೇ ಓಮಿನದು ಆಗಿರಬೇಕು. ನೋಡಲು ಒಂದೇ ತರ ಇದ್ದರೆ ಸಾಲದು. ನಾಲ್ಕಕ್ಕೂ ಹೊಸ ರಬ್ಬರ್ ಉಂಗುರ ಹಾಕಿ, ಹರಿಯದೆ ಜಾರಿ ಕೂರಲೆಂದು ಒಂದು ತೊಟ್ಟು ಹೊಸ ಆಯಿಲ್ ಸವರಿದರು. ಬಿಚ್ಚಿದ ಹಳೆಯ ಉಂಗುರವನ್ನು ಮತ್ತೆ ಹಾಕುವುದೇ ಮುಂದೆ ಬೆಂಕಿಗೆ ದಾರಿ ಎಂದರು. ಜೋಡಿಸಿದ ಮೇಲೆ ಎಂಜಿನ್ನು ಹಚ್ಚದೆ ಮೂರು ನಾಲ್ಕು ಸಲ ಕೀಲಿಯನ್ನಷ್ಟೇ ತಿರುಗಿಸಿ ಪಂಪಿನಿಂದ ಒತ್ತಡ ತುಂಬಿಸಿ, ಎಲ್ಲೂ ಒದ್ದೆಯಿಲ್ಲವೆಂದು ಟಾರ್ಚ್ ಬಿಟ್ಟು ನೋಡಿದರು. ಕೆಟ್ಟ ಆಯಿಲನ್ನು ಸುರಿದು ಹೊಸದು ಹಾಕಿದ ಮೇಲೆಯೇ ಎಂಜಿನ್ನು ಹಚ್ಚಿದ್ದು. ಅದರ ಮರುದಿನವೇ ಅತ್ತೆಯವರ ಪಾಳಿ; ಸರಿಯಾದ ಹೊತ್ತಿಗೆ ತಲುಪಿದೆವು.

ಇನ್ನೊಂದು ಮಾತು ಹೇಳಲೇಬೇಕು. ಇದೆಲ್ಲ ಮಾಮೂಲಿ ಎಂಪಿಎಫ್‌ಐ ಪೆಟ್ರೋಲ್ ಕಾರಿನ ಮಾತು. ಈಚಿನ ಕೆಲವು ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರು ನೇರ ಸಿಲಿಂಡರಿನೊಳಗೇ ಚಿಮ್ಮಿಸುತ್ತದೆ. ಅಲ್ಲಿನ ಒತ್ತಡ ನೂರಾರು ಬಾರ್. ಈಗಿನ ಡೀಸೆಲ್ ಕಾರಿನಲ್ಲಿ ಸಾವಿರ ಬಾರ್ ಮೀರುತ್ತದೆ. ಆ ಧಾರೆ ಚರ್ಮವನ್ನು ತೂರಿ ಒಳಹೊಗುವಂಥದು. ಅದನ್ನು ಬಲ್ಲವರೇ ಮುಟ್ಟಬೇಕು.

ವಿದ್ಯುತ್ ಕಾರಿಗೆ ಇಂಜೆಕ್ಟರೇ ಇಲ್ಲ. ನಮ್ಮ ಊರಿನಲ್ಲೂ ಅಂಥ ಸ್ಕೂಟರುಗಳು ಓಡಾಡುತ್ತಿವೆ. ಕಾರ್ಬುರೇಟರು ಹೋದ ದಾರಿಯಲ್ಲೇ ಇಂಜೆಕ್ಟರೂ ಒಂದು ದಿನ ಹೋಗುತ್ತದೆ. ಆಗ ಮೇಸ್ತ್ರಿಯವರ ಮಗ ತನ್ನ ಕಸುಬನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಗಾಳಿ ತಿಳಿಯಾಗುವುದು ಬೇಡವೆಂದು ಯಾರೂ ಹೇಳಲಾರರು. ಆದರೆ ಅದರ ಬೆಲೆಯಲ್ಲಿ ಒಂದು ಪಾಲನ್ನು ಇಂಥ ಸಣ್ಣ ಗ್ಯಾರೇಜಿನವರು ತೆತ್ತಿದ್ದಾರೆ, ಇನ್ನೂ ತೆರಲಿದ್ದಾರೆ ಎಂಬುದು ಎಲ್ಲಾದರೂ ಬರೆದಿರಬೇಕು.

ಅದಕ್ಕೇ ಈ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಸ್ಥಳೀಯ ಇತಿಹಾಸದ ಯೋಜನೆಗೆಂದು ದೇವಸ್ಥಾನ, ವೀರಗಲ್ಲುಗಳ ಜೊತೆಗೆ ಊರಿನ ಗ್ಯಾರೇಜುಗಳನ್ನೂ ಸೇರಿಸಿದ್ದೇನೆ. ಹಳೆಯ ಮೇಸ್ತ್ರಿಗಳನ್ನು ಕಂಡು, ಅವರು ಯಾರಿಂದ ಕಲಿತರು, ಯಾವ ವರ್ಷ ಯಾವ ಗಾಡಿ ಬಂತು, ಯಾವ ಕೆಲಸ ನಿಂತಿತು ಎಂದು ಕೇಳಿ ಬರೆದುಕೊಂಡು ಬರಬೇಕು. ಮೂವರು ಹುಡುಗಿಯರು ನಮ್ಮ ಮೇಸ್ತ್ರಿಯವರನ್ನು ಆರಿಸಿಕೊಂಡರು. ಅವರ ನೋಟ್‌ಬುಕ್ಕಿನ ನಾಲ್ಕನೆಯ ಪುಟದಲ್ಲಿ ಕಾರ್ಬುರೇಟರಿನ ಚಿತ್ರವಿದೆ. ಅದರಲ್ಲಿ ತೇಲುಬುರುಡೆಯನ್ನು ತಪ್ಪು ಕಡೆ ಬರೆದಿದ್ದರು. ಮೇಸ್ತ್ರಿಯವರು ಪೆನ್ಸಿಲಿನಿಂದ ಅದನ್ನು ತಿದ್ದಿ, ಪಕ್ಕದಲ್ಲಿ ಬಾಣದ ಗುರುತು ಹಾಕಿ ಕಳಿಸಿದ್ದಾರೆ.